ನಾಲ್ಕನೇ ಮಹಡಿಯ ಆಕ್ಟ್ ಆಫ್ ಗಾಡ್

ನಮ್ಮ ಮೇಲಿನ ಮನೆಯ ಆಲ್ಫ್ರೆಡ್ ಕ್ರಾಸ್ತಾ ಕೆಟ್ಟ ಮನುಷ್ಯನೆಂದು ನಾನು ಹೇಳುವುದಿಲ್ಲ. ಕಳೆದ ಫೆಬ್ರವರಿಯಲ್ಲಿ ಒಂದು ಸಲ ಹೇಳಿದ್ದೆ, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಇಂಗ್ಲಿಷಿನ ಮೂರು ಶಬ್ದಗಳು ಒಬ್ಬ ಸಾಧಾರಣ ಮನುಷ್ಯನ ಕೈಗೆ ಸಿಕ್ಕಿದರೆ ಏನೇನಾಗಬಹುದು ಎಂಬುದನ್ನು ಯಾರಾದರೂ ಬರೆದಿಡಬೇಕು. ನಮ್ಮ ಕಟ್ಟಡದಲ್ಲಿ ಬರೆಯುವ ಚಟ ಇರುವವನು ನಾನೊಬ್ಬನೇ, ಆದ್ದರಿಂದ ಈ ಕೆಲಸ ನನ್ನ ತಲೆಗೆ ಬಂದಿದೆ.

ಆಲ್ಫ್ರೆಡ್ ಉಡುಪಿ ಕಡೆಯ ಶಿರ್ವದವನು. ಮಸ್ಕತ್ತಿನ ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಹದಿನಾರು ವರ್ಷದಿಂದ ಫೈಲು ಜೋಡಿಸುತ್ತಿದ್ದಾನೆ. ಕ್ಲೇಮು ಮಂಜೂರು ಮಾಡುವವರು ಬೇರೆ, ನಾಮಂಜೂರು ಮಾಡುವವರು ಬೇರೆ. ಆ ಕಾಗದಗಳಿಗೆ ತೂತು ಹೊಡೆದು ದಾರ ಕಟ್ಟುವವನು ಇವನು. ಹಾಗೆ ತೂತು ಹೊಡೆಯುತ್ತಾ ಹೊಡೆಯುತ್ತಾ ಒಂದು ದಿನ ಆ ಮಾತು ಕಣ್ಣಿಗೆ ಬಿತ್ತು: ಆಕ್ಟ್ ಆಫ್ ಗಾಡ್, ಎಂದರೆ ದೇವರ ಕೃತ್ಯ. ಭೂಕಂಪ, ಬಿರುಗಾಳಿ, ಸಿಡಿಲು, ಪ್ರವಾಹ ಎಲ್ಲವೂ ಆ ಪಟ್ಟಿಯಲ್ಲಿ. ಮನುಷ್ಯ ಮಾಡಿದ್ದೆಲ್ಲ ಇನ್ನೊಂದು ಪಟ್ಟಿಯಲ್ಲಿ. ಲೋಕದ ಸಕಲ ಅನಾಹುತಗಳೂ ಎರಡೇ ಪಟ್ಟಿಯೊಳಗೆ ಮುಗಿದುಹೋಗುತ್ತವೆ ಎಂಬುದು ಆಲ್ಫ್ರೆಡ್‌ಗೆ ಬಹಳ ಹಿಡಿಸಿತು. ಮೊದಲನೆಯ ಪಟ್ಟಿಯಲ್ಲಿರುವುದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ ಎಂಬುದು ಅದಕ್ಕಿಂತಲೂ ಹೆಚ್ಚು ಹಿಡಿಸಿತು.

ಅಂದಿನಿಂದ ಅವನ ಬದುಕಿನಲ್ಲಿ ಮನುಷ್ಯನ ಕೈವಾಡ ಕಡಿಮೆಯಾಗುತ್ತಾ ಬಂತು. ಆಫೀಸಿಗೆ ತಡವಾದರೆ ಆಕ್ಟ್ ಆಫ್ ಗಾಡ್. ಒಲೆಯ ಮೇಲಿಟ್ಟ ಬಂಗುಡೆ ಸಾರು ತಳ ಹಿಡಿದರೆ ಆಕ್ಟ್ ಆಫ್ ಗಾಡ್. ಮಗಳು ಶೆರ್ಲಿನ್‌ಗೆ ಗಣಿತದಲ್ಲಿ ಮೂವತ್ತೊಂಬತ್ತು ಬಂದಾಗ ಶಾಲೆಗೆ ಹೋಗಿ ಟೀಚರ ಎದುರಿನಲ್ಲೂ ಅದನ್ನೇ ಹೇಳಿದ. "ಡ್ಯಾಡ್, ಪ್ಲೀಸ್ ಸ್ಟಾಪ್," ಎಂದು ಆ ಹುಡುಗಿ ಅಲ್ಲೇ ಮುಖ ಮುಚ್ಚಿಕೊಂಡಳಂತೆ. ಹೆಂಡತಿ ಸಬೀನಾ ಮಾತ್ರ ಒಂದು ಸಂಜೆ ತಣ್ಣಗೆ, "ನಾನು ನಿಮ್ಮನ್ನು ಮದುವೆ ಆದದ್ದು ಯಾವ ಪಟ್ಟಿಯಲ್ಲಿ ಬರ್ತದೆ?" ಎಂದು ಕೇಳಿದಳು. ಆಲ್ಫ್ರೆಡ್ ಎರಡು ದಿನ ಯೋಚಿಸಿ, ಉತ್ತರ ಕೊಡದಿರುವುದೇ ಕ್ಷೇಮ ಎಂಬ ತೀರ್ಮಾನಕ್ಕೆ ಬಂದ.

ಇನ್ನು ಆ ಶುಕ್ರವಾರಕ್ಕೆ ಬರೋಣ.

ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಕಟ್ಟಡಕ್ಕೆ ನಾಲ್ಕು ಮಹಡಿ. ನಾಲ್ಕನೆಯದರಲ್ಲಿ ಆಲ್ಫ್ರೆಡ್, ಸರಿಯಾಗಿ ಅವನ ಕೆಳಗೆ ಮೂರನೆಯದರಲ್ಲಿ ಸುವರ್ಣನೆಂಬ ನಾನು ಮತ್ತು ನನ್ನ ಹೆಂಡತಿ ಲೋಲಾಕ್ಷಿ. ಅಂದು ಬೆಳಗ್ಗೆ ಎಂಟಕ್ಕೆ ಪಂಪು ಕೆಟ್ಟು ಇಡೀ ಕಟ್ಟಡಕ್ಕೆ ನೀರು ನಿಂತಿತು. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ; ಆಲ್ಫ್ರೆಡ್ ಇಗರ್ಜಿಗೆ ಹೊರಡುವ ಗಡಿಬಿಡಿಯಲ್ಲಿ ಬಚ್ಚಲ ನಳ್ಳಿ ತಿರುಗಿಸಿದ. ಅದು ಸೊಂಯ್ ಎಂದು ಸ್ವಲ್ಪ ಗಾಳಿ ಬಿಟ್ಟು ಸುಮ್ಮನಾಯಿತು. ಬಾಟಲಿ ನೀರಿನಲ್ಲಿ ಮುಖ ತೊಳೆದು, ತಲೆ ಬಾಚಿ, ಸೆಂಟು ಹೊಡೆದುಕೊಂಡು ಹೊರಟ. ನಳ್ಳಿ ಮಾತ್ರ ತಿರುಗಿಸಿದಂತೆಯೇ ಉಳಿಯಿತು. ಇಲ್ಲಿಯ ಬಚ್ಚಲುಗಳಲ್ಲಿ ನೀರು ಹೋಗುವ ತೂತಿನಿಂದ ಜಿರಳೆ ಮೇಲೆ ಬರುತ್ತದೆಂದು ನಾವೆಲ್ಲ ಅದರ ಬಾಯಿಗೆ ಏನಾದರೊಂದು ಮುಚ್ಚಿಡುತ್ತೇವೆ. ಆಲ್ಫ್ರೆಡ್‌ನ ಮನೆಯಲ್ಲಿ ಮುಚ್ಚಿದ್ದು ಒಂದು ಸ್ಟೀಲಿನ ತಟ್ಟೆ, ಅದು ಸರಿಯದಂತೆ ಅದರ ಮೇಲೆ ಐದು ಲೀಟರಿನ ನೀರಿನ ಕ್ಯಾನು. ಜಿರಳೆಯಲ್ಲ, ಅದರ ಮೀಸೆ ಕೂಡ ಹೊರಗೆ ಬರುವಂತಿರಲಿಲ್ಲ.

ಒಂಬತ್ತೂವರೆಗೆ ಮಸ್ಕತ್ತಿನಲ್ಲಿ ಹತ್ತು ನಿಮಿಷ ಮಳೆ ಬಂತು. ಇಲ್ಲಿ ಮಳೆ ಬಂದರೆ ಜನ ಕೊಡೆ ಹುಡುಕುವುದಿಲ್ಲ, ಮೊಬೈಲ್ ಹುಡುಕುತ್ತಾರೆ. ನಾನೂ ಬಾಲ್ಕನಿಯಲ್ಲಿ ನಿಂತು ವಿಡಿಯೋ ತೆಗೆದು ಊರಿನ ಅಣ್ಣನಿಗೆ ಕಳಿಸಿದೆ. ಹತ್ತು ಗಂಟೆಗೆ ತುಕ್ರ ಪಂಪು ಸರಿಮಾಡಿದ.

ತುಕ್ರ ನಮ್ಮ ಕಟ್ಟಡದ ಹಾರಿಸ್, ಎಂದರೆ ಕಾವಲುಗಾರ. ಕಾರ್ಕಳದ ಹತ್ತಿರದವನು, ವಯಸ್ಸು ಐವತ್ತಾರು. ಇಪ್ಪತ್ತಾರು ವರ್ಷದಿಂದ ಇದೇ ಕಟ್ಟಡದ ಪಂಪು, ಲಿಫ್ಟು, ತಾರಸಿ, ಕಸ, ಬೆಕ್ಕು, ಎಲ್ಲ ಅವನದೇ. ಅಂದು ಅವನು ಕೆಲಸ ಚೆನ್ನಾಗಿ ಮಾಡಿದ. ನಾಲ್ಕನೇ ಮಹಡಿಯ ನಳ್ಳಿಯಲ್ಲಿ ನೀರು ಬಹಳ ಹುರುಪಿನಿಂದ ಬಂತು.

ಎರಡು ಗಂಟೆಯ ಹೊತ್ತು ಅದು ಬಂದೇ ಬಂತು. ಬಚ್ಚಲು ತುಂಬಿ, ಹಾಲಿಗೆ ಹರಿದು, ದಾರಿ ಹುಡುಕಿಕೊಂಡು ನಮ್ಮ ಮನೆಯ ಸೀಲಿಂಗಿನಿಂದ ಇಳಿಯತೊಡಗಿತು. ಇಳಿದದ್ದು ನಮ್ಮ ಸೋಫಾದ ಮೇಲೆ. ಈ ಸೋಫಾದ ವಿಷಯ ಸ್ವಲ್ಪ ಹೇಳಬೇಕು. ಎರಡು ವರ್ಷದ ಹಿಂದೆ ತಂದದ್ದು. ಬಣ್ಣ ಕೆಡಬಾರದೆಂದು ಲೋಲಾಕ್ಷಿ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯಗೊಟ್ಟಿರಲಿಲ್ಲ. ಎರಡು ವರ್ಷ ನಾವು ಅದರ ಮೇಲೆ ಜಾರಿದ್ದೇವೆ, ಬೆವರಿದ್ದೇವೆ, ಏಳುವಾಗ ಚರ್ ಎಂದು ಸದ್ದು ಮಾಡಿದ್ದೇವೆ. ಕೊನೆಗೆ ಗುರುವಾರ ಸಂಜೆ, ಈ ಮಳೆಗೆ ಒಂದು ದಿನ ಮೊದಲು, ಅವಳು ಕತ್ತರಿ ಹಿಡಿದು ಪ್ಲಾಸ್ಟಿಕ್ ತೆಗೆದಿದ್ದಳು.

ಹನ್ನೆರಡಕ್ಕೆ ಆಲ್ಫ್ರೆಡ್‌ನ ಸಂಸಾರ ಇಗರ್ಜಿಯಿಂದ ಬರುವಾಗ ಲೋಲಾಕ್ಷಿ ನಾಲ್ಕನೇ ಮಹಡಿಯ ಮೆಟ್ಟಿಲಲ್ಲಿ ನಿಂತಿದ್ದಳು. ಅವಳ ಹಿಂದೆ ನಾನು, ನನ್ನ ಹಿಂದೆ ನೀರು ಎಳೆಯುವ ವೈಪರ್ ಹಿಡಿದ ತುಕ್ರ. ಬಾಗಿಲಡಿಯಿಂದ ನೀರು ಬರುತ್ತಿತ್ತು. ಆಲ್ಫ್ರೆಡ್ ಬೀಗ ತೆಗೆದು, ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ, ನಳ್ಳಿ ಮುಚ್ಚಿ, ಕ್ಯಾನು ಬದಿಗಿಟ್ಟು, ತಟ್ಟೆ ಎತ್ತಿದ. ನೀರು ಗಳಗಳನೆ ಇಳಿದುಹೋಯಿತು. ಯಾರೂ ನೋಡಲಿಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಆರು ದಿನ ಬಿಟ್ಟು. ನಿಮಗೆ ಈಗಲೇ ಹೇಳುತ್ತಿದ್ದೇನೆ, ನಮ್ಮ ಹಾಗೆ ನೀವೂ ಒದ್ದಾಡುವುದು ಬೇಡ.

ಮೊಣಕಾಲಿನವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ ಅವನು ಹಾಲಿಗೆ ಬಂದ.

"ಎಂತ ಆದದ್ದು ಪೊರ್ಬುಗಳೇ?" ಎಂದಳು ಲೋಲಾಕ್ಷಿ. ಕ್ರಿಶ್ಚಿಯನ್ ಗಂಡಸರನ್ನು ತುಳುವರು ಮರ್ಯಾದೆಯಿಂದ ಕರೆಯುವುದೇ ಹಾಗೆ. ಅವಳ ದನಿಯಲ್ಲಿ ಆ ಹೊತ್ತಿಗೆ ಮರ್ಯಾದೆ ಇದ್ದದ್ದು ಆ ಶಬ್ದದಲ್ಲಿ ಮಾತ್ರ. "ನಮ್ಮ ಸೋಫಾ ಹೋಯ್ತು. ನಿನ್ನೆ ಪ್ಲಾಸ್ಟಿಕ್ ತೆಗೆದದ್ದು!"

ಆಲ್ಫ್ರೆಡ್ ಅವಳನ್ನು ನೋಡಿದ, ಕಿಟಕಿಯಾಚೆಯ ಮೋಡ ನೋಡಿದ, ಆಮೇಲೆ ನಿಧಾನವಾಗಿ ಕತ್ತೆತ್ತಿ ತನ್ನ ಸೀಲಿಂಗ್ ನೋಡಿದ.

"ಆಕ್ಟ್ ಆಫ್ ಗಾಡ್," ಎಂದ.

"ಹಾಗಂದ್ರೆ?"

"ಮೇಲಿಂದ ಬಂದದ್ದು. ಮಳೆ. ಮ್ಯಾನ್‌ಮೇಡ್ ಆದ್ರೆ ನೀವು ನನ್ನನ್ನು ಕೇಳಬಹುದು ಲೋಲಾಕ್ಷಿಯಕ್ಕ. ಆಕ್ಟ್ ಆಫ್ ಗಾಡಿಗೆ ಯಾರನ್ನೂ ಕೇಳ್ಲಿಕ್ಕೆ ಬರುದಿಲ್ಲ. ನಮ್ಮ ಆಫೀಸಲ್ಲಿ ದಿನಾ ನೋಡುದಲ್ವಾ ನಾನು."

ಹತ್ತು ನಿಮಿಷದ ಮಳೆಗೆ ಇಷ್ಟು ನೀರೇ ಎಂದು ನಾವು ಕೇಳಬೇಕಿತ್ತು. ಕೇಳಲಿಲ್ಲ. ಈ ದೇಶದಲ್ಲಿ ಮಳೆಯ ಬಗ್ಗೆ ಏನು ಹೇಳಿದರೂ ಜನ ನಂಬುತ್ತಾರೆ. ಅದೂ ಅಲ್ಲದೆ ಹೇಳಿದವನು ವಿಮಾ ಕಂಪನಿಯವನು. ಲೋಲಾಕ್ಷಿ ಕೂಡ ಕತ್ತೆತ್ತಿ ಸೀಲಿಂಗ್ ನೋಡಿ ತಣ್ಣಗಾದಳು. ಅಲ್ಲಿಗೇ ಮುಗಿದಿದ್ದರೆ ನಮಗೆ ಒಂದು ಸೋಫಾ ಹೋಗುತ್ತಿತ್ತು, ಅವನಿಗೆ ಒಂದು ಸುಳ್ಳು ದಕ್ಕುತ್ತಿತ್ತು.

ಆದರೆ ಆಲ್ಫ್ರೆಡ್‌ಗೆ ಆ ಮಾತಿನ ರುಚಿ ಬಿಡಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದ: "ಇಂದು ನಮ್ಮ ಫ್ಲ್ಯಾಟಿನಲ್ಲಿ ಆಕ್ಟ್ ಆಫ್ ಗಾಡ್ ಸಂಭವಿಸಿದೆ. ಯಾರೂ ಗಾಬರಿಯಾಗಬಾರದು." ಅದನ್ನು ಓದಿದ ಮೇಲೆ ಎಲ್ಲರೂ ಗಾಬರಿಯಾದರು. ಎರಡನೇ ಮಹಡಿಯ ಅಮೀನತ್, ಮೂರು ಮಕ್ಕಳ ತಾಯಿ, ಮನೆಯ ಮಾಡು ಕುಸಿಯುತ್ತದೆಯೇ ಎಂದು ಕೇಳಿದಳು. ಇನ್ನೊಬ್ಬರು ಕೈ ಮುಗಿದ ಚಿತ್ರ ಹಾಕಿದರು. ಗುಂಪಿನಲ್ಲಿ ಕಟ್ಟಡದ ಮಾಲೀಕ ಅಹ್ಮದರೂ ಇದ್ದಾರೆಂಬುದನ್ನು ಆಲ್ಫ್ರೆಡ್ ಮರೆತಿದ್ದ.

ಅಹ್ಮದರು ಸೂರ್ ಊರಿನವರು, ನಿವೃತ್ತ ಶಾಲಾಮಾಸ್ತರು. ಹಿಂದಿ ಮತ್ತು ಅರಬ್ಬಿ ಬೆರೆಸಿ ಮಾತಾಡುತ್ತಾರೆ. ಶನಿವಾರ ಬೆಳಗ್ಗೆಯೇ ದಿಶ್‌ದಾಶವೆಂಬ ಬಿಳಿ ನಿಲುವಂಗಿಯಲ್ಲಿ ಬಂದು ಆಲ್ಫ್ರೆಡ್‌ನ ಹಾಲಿನಲ್ಲಿ ಕೂತರು. ಸಬೀನಾ ಚಹಾ ತಂದಳು. ನನ್ನನ್ನೂ ಕರೆದಿದ್ದರು, ಒದ್ದೆಯಾದವನು ನಾನಲ್ಲವೇ.

"ನೀರು ಎಲ್ಲಿಂದ ಬಂತು?"

"ಮೇಲಿಂದ ಸರ್."

"ನೀನು ನೋಡಿದೆಯಾ?"

ಆಲ್ಫ್ರೆಡ್ ಚಹಾ ಕುಡಿದ. "ಆಕ್ಟ್ ಆಫ್ ಗಾಡನ್ನು ಯಾರೂ ನೋಡುವುದಿಲ್ಲ ಸರ್, ಬಂದಮೇಲೆ ಗೊತ್ತಾಗುವುದು."

ಅಹ್ಮದರು ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಮೂವತ್ತು ವರ್ಷ ಹಿಂದಿನ ಬೆಂಚಿನ ಹುಡುಗರನ್ನು ನೋಡಿದ ಕಣ್ಣು ಅದು. "ಸರಿ. ಬಾಯಿಮಾತು ಬೇಡ, ಬರೆದು ಕೊಡು," ಎಂದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಎಚ್ಚೆತ್ತುಕೊಳ್ಳುತ್ತಿದ್ದರು. ಹದಿನಾರು ವರ್ಷ ಇನ್ನೊಬ್ಬರ ಕಾಗದಕ್ಕೆ ತೂತು ಹೊಡೆದವನಿಗೆ ತನ್ನದೇ ಕಾಗದ ಬರೆಯುವ ಅವಕಾಶ ಸಿಕ್ಕಿದರೆ ಬಿಡುತ್ತಾನೆಯೇ? ಭಾನುವಾರ ಆಫೀಸಿನಲ್ಲಿ ಕೂತು ಎರಡು ಪುಟ ಬರೆದ. ಮೇಲೆ ಉಲ್ಲೇಖ ಸಂಖ್ಯೆ, ಕೆಳಗೆ ಪ್ರತಿಗಳ ಪಟ್ಟಿ. ನಡುವೆ, ಮೇಲ್ಕಂಡ ದಿನದಂದು ಮೇಲ್ಕಂಡ ಫ್ಲ್ಯಾಟಿನ ಮೇಲಿನ ತಾರಸಿಯಿಂದ ಮಳೆನೀರು ಒಳನುಗ್ಗಿತೆಂದೂ, ಕೆಳಗೆ ಸಹಿ ಮಾಡಿದವನು ಆ ಹೊತ್ತಿಗೆ ದೇವಾಲಯದಲ್ಲಿದ್ದುದರಿಂದ ಆತನ ಕೈವಾಡ ಅಸಾಧ್ಯವೆಂದೂ, ಇದು ಸಂಪೂರ್ಣವಾಗಿ ಆಕ್ಟ್ ಆಫ್ ಗಾಡ್ ಎಂದೂ ಇಂಗ್ಲಿಷಿನಲ್ಲಿ ಇತ್ತು. ನನಗೆ ತೋರಿಸಿದ. ಕಾಗದ ನಿಜಕ್ಕೂ ಚೆನ್ನಾಗಿತ್ತು. ನಾನೂ ಒಂದು ಕಾಮಾ ಸೇರಿಸಿದೆ. ಆ ಕಾಮಾದ ಪಾಪ ಈಗಲೂ ನನ್ನ ತಲೆಯ ಮೇಲಿದೆ.

ಸೋಮವಾರ ಅಹ್ಮದರು ಒಬ್ಬ ಇಂಜಿನಿಯರನ್ನು ಕರೆತಂದರು. ಅವರು ತಾರಸಿಯನ್ನು ಕೋಲಿನಿಂದ ತಟ್ಟಿ ನೋಡಿದರು, ಬಗ್ಗಿ ನೋಡಿದರು, ಒಂದು ಕಡೆ ಮಲಗಿಯೂ ನೋಡಿದರು. ಒಂದು ಬಿರುಕೂ ಇರಲಿಲ್ಲ. ಎಲ್ಲಿಯೂ ತೇವವಿರಲಿಲ್ಲ. ಆದರೆ ಮಳೆನೀರು ಇಳಿಯುವ ಪೈಪಿನ ಬಾಯಿಯ ಹತ್ತಿರ ಗಾಳಿಗೆ ಹಾರಿ ಬಂದ ಒಂದು ಪ್ಲಾಸ್ಟಿಕ್ ಚೀಲ ಬಿದ್ದಿತ್ತು. ಅವರು ಅದರ ಮೂರು ಫೋಟೋ ತೆಗೆದರು.

"ಮಾಡು ಗಟ್ಟಿಯಾಗಿದೆ," ಎಂದರು. "ಆದರೆ ನೀರು ಮೇಲಿಂದ ಬಂದದ್ದು ಹೌದೆಂದು ಬಾಡಿಗೆದಾರರು ಬರೆದುಕೊಟ್ಟಿದ್ದಾರೆ. ಹಾಗಾದರೆ ಪೈಪು ಕಟ್ಟಿಕೊಂಡು, ತಾರಸಿಯಲ್ಲಿ ನೀರು ನಿಂತು, ಮೆಟ್ಟಿಲ ಬಾಗಿಲಿಂದ ಫ್ಲ್ಯಾಟಿಗೆ ಇಳಿದಿರಬೇಕು. ಬೇರೆ ದಾರಿಯೇ ಇಲ್ಲ. ಪೈಪಿನ ಬಾಯಿ ಚೊಕ್ಕ ಮಾಡುವುದು ಯಾರ ಕೆಲಸ?"

ಎಲ್ಲರೂ ತುಕ್ರನನ್ನು ನೋಡಿದರು. ತುಕ್ರ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

ಎರಡು ವರ್ಷದ ಹಿಂದಿನ ದೊಡ್ಡ ಮಳೆಯಲ್ಲಿ ಹೀಗೆಯೇ ಪೈಪು ಕಟ್ಟಿ ಕೆಳಗಿನ ಪಾರ್ಕಿಂಗಿನಲ್ಲಿ ನಾಲ್ಕು ಕಾರು ಮುಳುಗಿದ್ದವು. ಇನ್ನೊಂದು ಸಲ ಹೀಗಾದರೆ ಖಲಾಸ್, ನೇರ ಊರಿಗೆ ಎಂದು ಅಹ್ಮದರು ಅಂದೇ ಹೇಳಿದ್ದರು. ಮಾಸ್ತರರು, ಹೇಳಿದ ಮಾತಿಗೆ ತಪ್ಪುವವರಲ್ಲ. ಮಂಗಳವಾರ ಪಾರ್ಕಿಂಗಿನಲ್ಲಿ ನಿಂತು, ತುಕ್ರನ ಮುಖ ನೋಡದೆ, ಗುರುವಾರ ಸಂಜೆಯ ವಿಮಾನಕ್ಕೆ ಟಿಕೇಟು ಆಗಿದೆ ಎಂದರು. ವೀಸಾ ರದ್ದು ಮಾಡುವ ಕಾಗದ ಅವನು ಊರು ತಲುಪಿದ ಮೇಲೆ ಹಾಕುತ್ತಾರಂತೆ. ಅಷ್ಟು ಹೇಳಿ, ಕಾರಿನ ಬಾಗಿಲು ಎರಡು ಸಲ ಹಾಕಿ ತೆಗೆದು ಹಾಕಿದರು.

ಆಲ್ಫ್ರೆಡ್‌ಗೆ ಈ ಸುದ್ದಿ ಆಫೀಸಿನಲ್ಲಿ ಸಿಕ್ಕಿತು. ಅಂದು ಒಂದೇ ಫೈಲಿಗೆ ಹನ್ನೊಂದು ತೂತು ಹೊಡೆದನಂತೆ. ಅರ್ಧ ದಿನ ರಜೆ ಹಾಕಿ ಮನೆಗೆ ಬಂದವನೇ ಅಹ್ಮದರಿಗೆ ಫೋನ್ ಮಾಡಿದ.

"ಸರ್, ಆಕ್ಟ್ ಆಫ್ ಗಾಡ್ ಎಂದರೆ ಯಾರ ತಪ್ಪೂ ಅಲ್ಲ ಸರ್. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ, ಎರಡನೇ ಪುಟ, ಮೂರನೇ ಪ್ಯಾರಾ."

"ಓದಿದೆ," ಎಂದರು ಅಹ್ಮದರು. "ನನ್ನ ಅಜ್ಜ ಸೂರಿನಲ್ಲಿ ಹಡಗು ಕಟ್ಟುತ್ತಿದ್ದರು. ಹಡಗಿನೊಳಗೆ ನೀರು ಬಂದರೆ ಅಲ್ಲಿ ಯಾರೂ ಸಮುದ್ರವನ್ನು ಬೈಯುತ್ತಿರಲಿಲ್ಲ, ಬಡಗಿಯನ್ನು ಕರೆಯುತ್ತಿದ್ದರು. ಮಳೆ ಅಲ್ಲಾಹನದು. ಪೈಪಿನ ಬಾಯಿ ತುಕ್ರನದು. ಎರಡೂ ಬೇರೆ ಬೇರೆ ಎಂದು ನೀನೇ ತಾನೆ ಬರೆದದ್ದು?"

ಆಲ್ಫ್ರೆಡ್ ಫೋನನ್ನು ಸೋಫಾದ ಮೇಲೆ ಎಸೆದ. ಅವನ ಸೋಫಾ ಒಣಗಿತ್ತು.

ಅಂದು ಸಂಜೆ ಐದರಿಂದ ಎಂಟರವರೆಗೆ ನಮ್ಮ ತಲೆಯ ಮೇಲೆ ಅವನ ಚಪ್ಪಲಿಯ ಸದ್ದು. ಹಾಲಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ. ಮಧ್ಯೆ ಮಧ್ಯೆ ಸಬೀನಾಳ ದನಿ: "ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ, ನನಗೆ ತಲೆ ತಿರುಗ್ತದೆ!" ಲೋಲಾಕ್ಷಿ ಸೀಲಿಂಗಿನ ಹಳದಿ ಕಲೆಯನ್ನೇ ನೋಡುತ್ತಾ, "ಪಾಪ, ಆ ಪೊರ್ಬುಗಳಿಗೆ ತುಕ್ರನ ಮೇಲೆ ಎಷ್ಟು ಜೀವ ನೋಡಿ," ಎಂದಳು. ನಾನೂ ಹೌದೆಂದೆ. ಮೂರ್ಖತನಕ್ಕೆ ನಮ್ಮ ಮನೆಯಲ್ಲಿ ಗಂಡುಹೆಣ್ಣಿನ ಭೇದವಿಲ್ಲ.

ಬುಧವಾರ ಬೆಳಗ್ಗೆ ಅವನು ಕೆಳಗಿಳಿದು ತುಕ್ರನ ಕೋಣೆಗೆ ಹೋದ. ತುಕ್ರ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ನಾನು ಕಾರು ತೆಗೆಯಲು ಹೋದವನು ಬಾಗಿಲಲ್ಲೇ ನಿಂತೆ.

"ಊರಿಗೆ ಹೋಗುದು ಒಳ್ಳೆದೇ ಅಲ್ವಾ ತುಕ್ರ? ಎಷ್ಟು ವರ್ಷ ಇಲ್ಲಿ ಬಿಸಿಲು ತಿನ್ನುದು?" ಎಂದ ಆಲ್ಫ್ರೆಡ್. ಹೇಳುವಾಗ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದ.

"ಒಳ್ಳೆದೇ ಪೊರ್ಬುಗಳೇ. ಹೋಗುದಕ್ಕೆ ಬೇಜಾರಿಲ್ಲ." ತುಕ್ರ ಹಗ್ಗ ಬಿಟ್ಟು ಎದ್ದು ನಿಂತ. "ಮಳೆಗೆ ಮೊದಲಿನ ದಿನ ನಾನು ಮೇಲೆ ಹೋಗಿ ಪೈಪಿಗೆ ಕೈ ಹಾಕಿ ತೆಗೆದದ್ದು ನನಗೆ ನೆನಪುಂಟು. ಪಾರಿವಾಳದ ಗರಿ ಸಮೇತ ತೆಗೆದೆ. ಆದ್ರೆ ನೀವು ಕಾಗದದಲ್ಲಿ ಬರೆದಿದ್ದೀರಿ. ನೀವು ಕಲಿತವರು, ಸುಳ್ಳು ಬರೀತೀರಾ? ಹಾಗಾದ್ರೆ ನನ್ನ ನೆನಪೇ ಸುಳ್ಳು. ಮಾಡದ್ದನ್ನು ಮಾಡಿದ್ದೇನೆ ಅಂತ ತಲೆ ಹೇಳ್ತಾ ಉಂಟು. ಅದೇ ಸ್ವಲ್ಪ ಹೆದರಿಕೆ."

ಆಲ್ಫ್ರೆಡ್ ತಿರುಗಿ ಓಡುವಂತೆ ಹೋಗಿ ಕಾರು ಹತ್ತಿದ.

ಹೋದದ್ದು ನೇರ ಇಗರ್ಜಿಗೆ, ಫಾದರ್ ಮ್ಯಾಕ್ಸ್‌ವೆಲ್ಲರ ಹತ್ತಿರ ಪಾಪನಿವೇದನೆಗೆ. ಅಲ್ಲಿ ನಡೆದದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ, ಹೇಳಿಯೂ ಇಲ್ಲ; ಆಲ್ಫ್ರೆಡೇ ಆಮೇಲೆ ನನಗೆ ಹೇಳಿದ್ದು.

"ಫಾದರ್, ಒಂದು ಆಕ್ಟ್ ಆಫ್ ಗಾಡ್ ಆಗಿದೆ," ಎಂದು ಇವನು ಶುರುಮಾಡಿದನಂತೆ.

"ಅದನ್ನು ಇಲ್ಲಿ ಎಂತಕ್ಕೆ ಹೇಳುದು? ಇಲ್ಲಿ ನೀನು ಮಾಡಿದ್ದನ್ನು ಹೇಳು," ಎಂದರಂತೆ ಫಾದರ್.

ಹೇಳಿದ. ನಳ್ಳಿ, ತಟ್ಟೆ, ಕ್ಯಾನು, ಎರಡು ಪುಟ, ಎಲ್ಲ. ಐವತ್ತು ಪ್ರಾರ್ಥನೆ ಹೇಳಲು ತಿಳಿಸಿದರೆ ಅಲ್ಲೇ ಕೂತು ನೂರು ಹೇಳಿಬಿಡುವುದೆಂದು ಆಲ್ಫ್ರೆಡ್ ತಯಾರಾಗಿದ್ದ. ಫಾದರ್ ಮಾತ್ರ, "ನನಗೆ ಹೇಳಿದ್ದು ನನ್ನ ಹತ್ತಿರವೇ ಉಳೀತದೆ. ಅದರಿಂದ ಆ ತುಕ್ರನಿಗೆ ಎಂತ ಸಿಕ್ಕಿತು? ಹೋಗಿ ಅವನಿಗೆ ಹೇಳು," ಎಂದು ಎದ್ದುಬಿಟ್ಟರಂತೆ.

ಹೇಳಲು ಅವನ ಹತ್ತಿರ ಇಡೀ ಬುಧವಾರವಿತ್ತು, ಗುರುವಾರ ಬೆಳಗ್ಗೆಯಿತ್ತು. ಕೆಳಗಿನ ಕೋಣೆಯ ಬಾಗಿಲಿಗೆ ಮೂರು ಸಲ ಹೋಗಿ ಬಂದನಂತೆ. ಮೂರನೇ ಸಲ ತುಕ್ರನಿಗೆ ಒಂದು ಡಬ್ಬಿ ಖರ್ಜೂರ ಕೊಟ್ಟು ಬಂದ.

ಗುರುವಾರ ತುಕ್ರ ಬೆಳಗ್ಗೆಯೇ ಪಂಪಿನ ಕೋಣೆಯ ಬೀಗದ ಕೈಯನ್ನು ಅಹ್ಮದರಿಗೆ ಒಪ್ಪಿಸಿದ. ಹನ್ನೊಂದು ಗಂಟೆಗೆ ಪಂಪು ನಿಂತಿತು. ಸರಿಮಾಡುವವರು ಯಾರೂ ಇಲ್ಲದೆ ಇಡೀ ಕಟ್ಟಡದಲ್ಲಿ ತೊಟ್ಟು ನೀರಿಲ್ಲ. ಆದರೂ ನಾಲ್ಕು ಗಂಟೆಗೆ ಎಲ್ಲರೂ ಪಾರ್ಕಿಂಗಿನಲ್ಲಿ ಸೇರಿದೆವು. ತುಕ್ರ ಹೊಸ ಅಂಗಿ ಹಾಕಿಕೊಂಡು ತನ್ನ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ. ಪೆಟ್ಟಿಗೆಯ ಮೇಲೆ ದಪ್ಪ ಮಾರ್ಕರಿನಲ್ಲಿ ಅವನ ಹೆಸರು, ಮಂಗಳೂರು ಎಂದು ಬರೆದಿತ್ತು. ಅಮೀನತ್ ಅವನ ಹೆಂಡತಿಗೆಂದು ಒಂದು ಶಾಲು ತಂದಿದ್ದಳು. ಅಹ್ಮದರು ಪಾಸ್‌ಪೋರ್ಟ್ ಹಿಡಿದು ಕಾರಿನ ಹತ್ತಿರ ನಿಂತು ಮತ್ತೆ ಮತ್ತೆ ವಾಚು ನೋಡುತ್ತಿದ್ದರು.

"ಪೊರ್ಬುಗಳು ನಾಲ್ಕು ಮಾತು ಹೇಳ್ಲಿ," ಎಂದಳು ಲೋಲಾಕ್ಷಿ. "ನಮ್ಮಲ್ಲಿ ಇಂಗ್ಲಿಷ್ ಬರುದು ಅವರಿಗೇ."

ಆಲ್ಫ್ರೆಡ್ ಜೇಬಿನಿಂದ ಕಾಗದ ತೆಗೆದ. "ಲೇಡೀಸ್ ಅಂಡ್ ಜಂಟಲ್‌ಮೆನ್," ಎಂದ. ನಾವು ಕಾದೆವು. "ಮಿಸ್ಟರ್ ತುಕ್ರ," ಎಂದ. ಇನ್ನೂ ಕಾದೆವು. ಅಹ್ಮದರು, "ಯಲ್ಲಾ, ಹೊರಡೋಣ, ತಡವಾಗುತ್ತದೆ," ಎಂದು ಪೆಟ್ಟಿಗೆಗೆ ಕೈ ಹಾಕಿದರು. ಆಗ ಆಲ್ಫ್ರೆಡ್ ಕಾಗದ ಬಿಟ್ಟು ಆ ಪೆಟ್ಟಿಗೆಯ ಮೇಲೆ ಹಾರಿ ಕೂತ.

"ನಳ್ಳಿ ನಾನು ಬಿಟ್ಟದ್ದು!"

ಯಾರಿಗೂ ಅರ್ಥವಾಗಲಿಲ್ಲ. ಅವನೇ ಮತ್ತೆ ಹಿಂದಿಯಲ್ಲಿ ಕಿರುಚಿದ, ಅಹ್ಮದರಿಗೆ ತಿಳಿಯಲೆಂದು. ಅಹ್ಮದರು ಕೈ ತೆಗೆದು ನೆಟ್ಟಗೆ ನಿಂತರು. ಕರಿಹಲಗೆಯೊಂದೇ ಕಡಿಮೆ.

"ನಳ್ಳಿ ಯಾರು ತಿರುಗಿಸಿದ್ದು?"

"ನಾನು ಸರ್."

"ಮುಚ್ಚದೆ ಹೋದದ್ದು ಯಾರು?"

"ನಾನು."

"ನೀರು ಹೋಗುವ ಬಾಯಿಗೆ ತಟ್ಟೆ ಇಟ್ಟದ್ದು?"

"ನಾನು. ಕ್ಯಾನೂ ನಾನೇ."

"ಆ ಕಾಗದ?"

"ನಾನೇ. ಒಂದು ಕಾಮಾ ಮಾತ್ರ ಸುವರ್ಣರದ್ದು."

ಎಲ್ಲರೂ ನನ್ನನ್ನು ನೋಡಿದರು. ನಾನು ಅಮೀನತಳ ಶಾಲು ನೋಡಿದೆ.

"ಹಾಗಾದರೆ ದೇವರು ಏನು ಮಾಡಿದ?" ಎಂದು ಕೇಳಿದರು ಅಹ್ಮದರು.

"ಏನೂ ಮಾಡಿಲ್ಲ ಸರ್," ಎಂದ ಆಲ್ಫ್ರೆಡ್. ಹೇಳುತ್ತಲೇ ಅಳತೊಡಗಿದ. "ಎಲ್ಲ ಮ್ಯಾನ್‌ಮೇಡ್."

ಲೋಲಾಕ್ಷಿ, "ನನ್ನ ಸೋಫಾ!" ಎಂದಳು. ಸಬೀನಾ ಅವಳನ್ನು ಹಿಡಿದುಕೊಂಡಳು. ಗಂಡನಿಗೆ ಹೊಡೆಯುವ ಮೊದಲ ಹಕ್ಕು ತನ್ನದೆಂದು ಹಿಡಿದಂತಿತ್ತು. ಅಹ್ಮದರು ಪಾಸ್‌ಪೋರ್ಟನ್ನು ಜೇಬಿಗಿಟ್ಟು ತುಕ್ರನ ಹತ್ತಿರ ಬಂದು ಅವನ ಹೆಗಲು ಮುಟ್ಟಿ, ಅರಬ್ಬಿಯಲ್ಲಿ ಏನೋ ಮೆಲ್ಲಗೆ ಹೇಳಿದರು. ಕ್ಷಮೆ ಕೇಳಿದ್ದೆಂದು ಅಮೀನತ್ ನಮಗೆ ತಿಳಿಸಿದಳು.

ತುಕ್ರ ಅವರನ್ನು ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಆಲ್ಫ್ರೆಡ್‌ನನ್ನು. ಇಪ್ಪತ್ತಾರು ವರ್ಷದಲ್ಲಿ ಅವನ ದನಿ ಏರಿದ್ದನ್ನು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

"ಮೂರು ದಿನ ನನಗೆ ಮರುಳು ಹಿಡೀತಾ ಉಂಟು ಅಂತ ಗ್ರಹಿಸಿದೆ ಪೊರ್ಬುಗಳೇ! ಹೆಂಡತಿಗೂ ಫೋನ್ ಮಾಡಿ ಹೇಳಿದೆ, ನನ್ನ ತಲೆ ಸರಿ ಇಲ್ಲ, ಒಬ್ಬನನ್ನೇ ಎಲ್ಲಿಗೂ ಬಿಡಬೇಡ ಅಂತ. ಅವಳು ಮೂರು ದಿನದಿಂದ ಉಂಡಿಲ್ಲ. ಶನಿವಾರಕ್ಕೆ ಉಡುಪಿಯಲ್ಲಿ ತಲೆಯ ಡಾಕ್ಟ್ರ ಹತ್ರ ಟೋಕನ್ ತೆಗೆದಿದ್ದಾಳೆ."

ತುಕ್ರ ತನ್ನ ಫೋನು ತೆಗೆದು, ನಂಬರು ಒತ್ತಿ, ಸ್ಪೀಕರ್ ಹಾಕಿ ಆಲ್ಫ್ರೆಡ್‌ನ ಮೂಗಿನ ಮುಂದೆ ಹಿಡಿದ.

"ಅವಳಿಗೆ ನೀವೇ ಹೇಳಿ. ಇಂಗ್ಲಿಷ್ ಬೇಡ."

ಎರಡು ರಿಂಗಿಗೇ ಅವಳು ಎತ್ತಿದಳು. "ಹಲೋ, ವಿಮಾನ ಹತ್ತಿದ್ರಾ? ಪಾಸ್‌ಪೋರ್ಟ್ ಮರೀಲಿಲ್ಲ ಅಲ್ವಾ?"

"ಅಕ್ಕ, ನಾನು ಆಲ್ಫ್ರೆಡ್. ನಾಲ್ಕನೇ ಮಹಡಿ," ಎಂದ ಅವನು, ಪೆಟ್ಟಿಗೆಯಿಂದ ಎದ್ದು ನಿಂತು. "ತುಕ್ರಣ್ಣನಿಗೆ ಎಂತದೂ ಆಗಿಲ್ಲ. ಅವರಿಗೆ ಮರೆವು ಇಲ್ಲ. ಅವರು ಪೈಪು ಸರಿಯಾಗಿ ತೆಗೆದಿದ್ರು. ನಳ್ಳಿ ಮುಚ್ಚಲಿಕ್ಕೆ ಮರೆತದ್ದು ನಾನು. ಸುಳ್ಳು ಬರೆದದ್ದೂ ನಾನು. ಅವರು ಬರುದಿಲ್ಲ, ಇಲ್ಲೇ ಇರ್ತಾರೆ."

ಆ ಕಡೆಯಿಂದ ಒಂದು ದೊಡ್ಡ ಉಸಿರು, ಸೀರೆಯ ಸೆರಗಿನಲ್ಲಿ ಮೂಗು ಒರೆಸಿದ ಸದ್ದು.

"ತಲೆ ಸರಿ ಉಂಟಾ ಅವರದ್ದು?"

"ಸರಿ ಉಂಟು ಅಕ್ಕ. ನಮ್ಮೆಲ್ಲರಿಗಿಂತ ಸರಿ ಉಂಟು."

"ದೇವರು ದೊಡ್ಡವನು," ಎಂದಳು ಅವಳು. ಸ್ವಲ್ಪ ತಡೆದು ಕೇಳಿದಳು, "ಅಲ್ಲ, ಆ ನಳ್ಳಿ ಈಗ ಮುಚ್ಚಿ ಉಂಟಲ್ವಾ?"

"ಮುಚ್ಚಿ ಉಂಟಕ್ಕ, ಅದನ್ನು ನಾನು ಅವತ್ತೇ..." ಎಂದವನು ಅಲ್ಲಿಗೇ ನಿಂತ. ಸಬೀನಾಳನ್ನು ನೋಡಿದ. ಬೆಳಗ್ಗೆ ಹನ್ನೊಂದರಿಂದ ನೀರಿಲ್ಲ. ಇಳಿದು ಬರುವ ಮೊದಲು ಮುಖ ತೊಳೆಯೋಣವೆಂದು ನಳ್ಳಿ ತಿರುಗಿಸಿ ಹಾಗೆಯೇ ಬಿಟ್ಟಿದ್ದ. ಫೋನನ್ನು ತುಕ್ರನ ಕೈಗೆ ತುರುಕಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದ.

ನಾವು ನಗಲು ಬಾಯಿ ತೆರೆದೆವು. ಅಷ್ಟರಲ್ಲಿ ಅಮೀನತ್ ಹಣೆಗೆ ಕೈ ಹಚ್ಚಿ ಅವನ ಹಿಂದೆ ಓಡಿದಳು. ಮೊದಲನೇ ಮಹಡಿಯ ಇಬ್ಬರು ಓಡಿದರು. ಲೋಲಾಕ್ಷಿ ನನ್ನ ಕಡೆ ತಿರುಗಿ, "ಅಡುಗೆಮನೆದು ನೀವು ತಿರುಗಿಸಿದ್ರಲ್ವಾ?" ಎಂದಳು. ಉತ್ತರ ಹೇಳುವ ಹೊತ್ತಿಗೆ ನಾನು ಎರಡನೇ ಮಹಡಿಯಲ್ಲಿದ್ದೆ.

ಮೆಟ್ಟಿಲ ತಿರುವಿನಲ್ಲಿ ಕೆಳಗೆ ನೋಡಿದಾಗ ಪಾರ್ಕಿಂಗಿನಲ್ಲಿ ಇಬ್ಬರೇ ಉಳಿದಿದ್ದರು. ತುಕ್ರ ಪೆಟ್ಟಿಗೆಯನ್ನು ಕಾಲಿನಿಂದ ಗೋಡೆಗೆ ಸರಿಸಿ, ಅಹ್ಮದರ ಮುಂದೆ ಕೈ ಚಾಚಿದ. ಅಹ್ಮದರು ಜೇಬು ತಡಕಿ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಪಂಪಿನ ಕೋಣೆಯಿಂದ ನಾಲ್ಕೂ ಮಹಡಿಗೆ ಕೇಳುವಂತೆ ಅವನ ದನಿ ಬಂತು.

"ಎಲ್ಲ ಮುಚ್ಚಿ ಆಯ್ತಾ? ನಾನು ನೀರು ಬಿಡ್ತಾ ಇದ್ದೇನೆ!"